ಐದು ಮಂದಿ ನೀಲಗಂಗಾ

ಆ ವರ್ಷ ಹುಬ್ಬಳ್ಳಿ-ಧಾರವಾಡದ ನಡುವೆ ಐದು ಮಂದಿ ನೀಲಗಂಗಾ ಇದ್ದರು. ಒಬ್ಬಳು ಹಳೇ ಹುಬ್ಬಳ್ಳಿಯ ಗುರುಸಿದ್ದವ್ವನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಉಳಿದ ನಾಲ್ವರು ನವನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಬೀರುವಿನಷ್ಟು ಎತ್ತರದ ಯಂತ್ರದೊಳಗೆ, ಊಟ ತಿಂಡಿಯ ಗೊಡವೆಯೇ ಇಲ್ಲದೆ ದಿನಕ್ಕೊಂದು ವರ್ಷದಂತೆ ಬಾಳುತ್ತಿದ್ದರು. ಆ ನಾಲ್ವರ ಹೊಟ್ಟೆಯಲ್ಲೂ ಅಸಲಿಯವಳ ಹೊಟ್ಟೆಯಲ್ಲಿದ್ದ ಅವೇ ಮೂರು ಗಂಟುಗಳಿದ್ದವು.

ಅಸಲಿಯವಳಿಗೆ ಮೂವತ್ತೈದು ವರ್ಷ, ಓಣಿಯವರಿಗೆಲ್ಲ ನೀಲವ್ವ. ಎರಡು ವರ್ಷಗಳಿಂದ ತಿಂಗಳಿಗೆ ಹತ್ತು ದಿನ ಮುಟ್ಟು ನಿಲ್ಲದೆ, ಮೈ ಬಿಳಿಚಿ, ಹಿಟ್ಟಿನ ಚೀಲ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಗುಳಿಗೆ ನುಂಗಿದಷ್ಟು ದಿನ ನಿಲ್ಲುತ್ತಿತ್ತು, ಬಿಟ್ಟ ಕೂಡಲೇ ಮತ್ತೆ ಶುರು. ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಫೈಬ್ರಾಯ್ಡ್ ಎಂಬ ಗಂಟು ಅದು, ಕ್ಯಾನ್ಸರ್ ಅಲ್ಲ, ಹೆದರಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮುಂದೇನು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬ ಡಾಕ್ಟರದು ಒಂದೊಂದು ಮಾತು. ಗರ್ಭಕೋಶವನ್ನೇ ತೆಗೆಯುವುದು, ಗಂಟನ್ನಷ್ಟೇ ಕೊಯ್ದು ತೆಗೆಯುವುದು, ಗಂಟಿಗೆ ಹೋಗುವ ರಕ್ತನಾಳವನ್ನು ಸಾಸಿವೆಗಿಂತ ಸಣ್ಣ ಮಣಿಗಳಿಂದ ಮುಚ್ಚುವುದು, ಕೊಯ್ಯದೆ ಚುಚ್ಚದೆ ಶಬ್ದದ ಅಲೆಗಳಿಂದಲೇ ಸುಡುವುದು ಎಂದು ದಾರಿ ನಾಲ್ಕಿದ್ದವು. ಓಣಿಯ ಹೆಂಗಸರಿಗಂತೂ ಅನುಮಾನವೇ ಇರಲಿಲ್ಲ. ಗರ್ಭಚೀಲ ತೆಗೆಸಿ ಹಗುರಾಗು ಎಂದು ಅವರು ಎಂದೋ ತೀರ್ಪು ಕೊಟ್ಟಾಗಿತ್ತು.

ಒಬ್ಬ ಹೆಂಗಸು ನಾಲ್ಕೂ ದಾರಿಗಳಲ್ಲಿ ನಡೆದು ನೋಡಿ, ಆಮೇಲೆ ತನಗೆ ಬೇಕಾದ ದಾರಿ ಹಿಡಿಯುವಂತಿದ್ದರೆ? ಮೈಸೂರಿನ ಡಾಕ್ಟರ್ ಚಾರುಲತಾ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹನ್ನೊಂದು ವರ್ಷ ಕಳೆದಿದ್ದಳು. ಫಲವೇ ಆ ಯಂತ್ರ. ಅದಕ್ಕೆ ಅವಳಿಟ್ಟ ಹೆಸರು ‘ಜೋಡಿ’. ರೋಗಿಯ ಸ್ಕ್ಯಾನು, ರಕ್ತ, ಎರಡು ತಿಂಗಳು ಸೊಂಟಕ್ಕೆ ಕಟ್ಟಿದ ಒಂದು ಪಟ್ಟಿ ಬರೆದಿಟ್ಟುಕೊಂಡ ನಾಡಿ, ಉಸಿರು, ಚಲನೆ, ಇಷ್ಟನ್ನು ಕೊಟ್ಟರೆ ಸಾಕು. ಜೋಡಿ ಅವಳದೇ ದೇಹದ ನಾಲ್ಕು ಪ್ರತಿಗಳನ್ನು ಲೆಕ್ಕದಲ್ಲಿ ಕಟ್ಟಿ, ಒಬ್ಬೊಬ್ಬಳಿಗೆ ಒಂದೊಂದು ಚಿಕಿತ್ಸೆ ಕೊಟ್ಟು, ಹತ್ತು ದಿನಗಳಲ್ಲಿ ಮುಂದಿನ ಹತ್ತು ವರ್ಷ ಓಡಿಸಿ ತೋರಿಸುತ್ತಿತ್ತು.

ಯಂತ್ರಕ್ಕೆ ತಿಳಿಯದ ಎರಡು ಮೂರು ಸಂಗತಿಗಳಿದ್ದವು. ಅವಕ್ಕೆ ಒಂದು ಅರ್ಜಿ ಇತ್ತು. ನೀಲವ್ವನ ಎಡವಟ್ಟೆಲ್ಲ ಆದದ್ದು ಆ ಅರ್ಜಿಯಲ್ಲೇ.

ಅರ್ಜಿ ತುಂಬಿಸಿದ ದಿನ ಅತ್ತೆ ಗುರುಸಿದ್ದವ್ವ ಪಕ್ಕದ ಕುರ್ಚಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದಳು. ಚಾರುಲತಾ ಒಂದೊಂದೇ ಕೇಳುತ್ತಾ ಹೋದಳು.

“ಕೆಲಸ ಏನು ಮಾಡ್ತೀರಿ?”

“ಏನಿಲ್ರಿ. ಮನ್ಯಾಗs ಇರ್ತೀನಿ.”

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವಳ ಅವ್ವ, ಅಜ್ಜಿ ಯಾರೂ ರೊಟ್ಟಿ ಬಡಿಯುವುದನ್ನು ಕೆಲಸ ಎಂದು ಕರೆದದ್ದನ್ನು ಅವಳು ಕೇಳಿರಲಿಲ್ಲ. ಕೆಲಸವೆಂದರೆ ಮನೆಯಿಂದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಮಾಡುವಂಥದ್ದು. ಖಾನಾವಳಿಯ ಒಲೆ ಮನೆಯ ಹಿತ್ತಲಲ್ಲೇ ಇತ್ತು.

“ಮಕ್ಕಳು?”

“ಇಲ್ರಿ.” ಎರಡು ಸಲ ಬಸಿರು ನಿಂತು ಮೂರನೇ ತಿಂಗಳಿಗೆ ಹೋಗಿತ್ತು. ಅದನ್ನೂ ಹೇಳಿದಳು.

“ಮುಂದೆ ಮಗು ಬೇಕು ಅಂತ ಆಸೆ ಇದ್ಯಾ?”

ನೀಲವ್ವ ಓರೆಗಣ್ಣಿನಲ್ಲಿ ಅತ್ತೆಯನ್ನು ನೋಡಿದಳು. ಮದುವೆಯಾಗಿ ಎಂಟು ವರ್ಷ. ಎರಡನೆಯದು ಹೋದ ಮೇಲೆ ಮನೆಯಲ್ಲಿ ಮಗುವಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಗಂಡ ಅಡಿವೆಪ್ಪ ಎತ್ತಲಿಲ್ಲ, ಅತ್ತೆ ಎತ್ತಲಿಲ್ಲ. ಅವರೇ ಆಸೆ ಬಿಟ್ಟು ಸುಮ್ಮನಾಗಿರುವಾಗ ತಾನು ಬಾಯಿಬಿಟ್ಟು ಬೇಕೆಂದರೆ, ನಾಳೆ ಆಗದೇ ಹೋದರೆ, ಆ ಮುದುಕಿಯ ಮುಖ ನೋಡುವುದು ಹೇಗೆ? ಬೇಕು ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

“ಅದೆಲ್ಲ ಮುಗೀತ್ರಿ.”

ಗುರುಸಿದ್ದವ್ವ ಮೆಲ್ಲುವುದನ್ನು ಒಂದು ಗಳಿಗೆ ನಿಲ್ಲಿಸಿ, ಮತ್ತೆ ಮೆಲ್ಲತೊಡಗಿದಳು.

ಜೋಡಿ ಓಡುತ್ತಿದ್ದಾಗ ಕೇಂದ್ರದಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ಮನೆಯವರು ಬಂದು ನೋಡಬಹುದಿತ್ತು. ಖಾನಾವಳಿಯ ಊಟದ ಹೊತ್ತು ಮುಗಿದ ಮೇಲೆ ನೀಲವ್ವ, ಅತ್ತೆ, ಜೊತೆಗೆ ರೊಟ್ಟಿ ಬೇಯಿಸುವ ಹುಸೇನಬಿ ಮೂವರೂ ಬಸ್ಸು ಹತ್ತಿ ಬರುತ್ತಿದ್ದರು. ಪರದೆಯ ಮೇಲೆ ನಾಲ್ಕು ಬಣ್ಣದ ಗೆರೆಗಳು ಎಡದಿಂದ ಬಲಕ್ಕೆ ಹರಿಯುತ್ತಿದ್ದವು. ಚೀಲ ತೆಗೆಸಿಕೊಂಡವಳು ಕೆಂಪು. ಗಂಟು ಮಾತ್ರ ಕೊಯ್ಸಿಕೊಂಡವಳು ಹಳದಿ. ನಾಳ ಮುಚ್ಚಿಸಿಕೊಂಡವಳು ಹಸಿರು. ಶಬ್ದದಿಂದ ಸುಡಿಸಿಕೊಂಡವಳು ಗುಲಾಬಿ.

“ಇವರಿಗೆ ನೋವಾಕ್ಕೈತೇನ್ರಿ?” ಮೊದಲ ದಿನ ಹುಸೇನಬಿಯ ಪ್ರಶ್ನೆ.

“ಇಲ್ಲಮ್ಮ. ಇದು ಬರೀ ಮೈ ಲೆಕ್ಕ. ಮನಸ್ಸಿಲ್ಲ ಇವರಿಗೆ” ಎಂದಳು ಚಾರುಲತಾ.

“ಹಂಗಾದ್ರ ಆರಾಮ ಅದಾರ ಬಿಡ್ರಿ” ಎಂದಳು ಹುಸೇನಬಿ. ಅವಳು ತನ್ನ ಚೀಲ ತೆಗೆಸಿಕೊಂಡು ನಾಲ್ಕು ವರ್ಷವಾಗಿತ್ತು. ಮೂರು ಮಕ್ಕಳ ತಾಯಿ, ನಲವತ್ತಾರು ವರ್ಷ, ಅಂದಿನಿಂದ ದಿನವೂ ಹಬ್ಬ ಮಾಡುತ್ತಿದ್ದೇನೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು. ಹೀಗಾಗಿ ಕೆಂಪು ನೀಲವ್ವ ಅವಳ ಪಕ್ಷ. ಗುರುಸಿದ್ದವ್ವನಿಗೆ ಗುಲಾಬಿಯವಳ ಮೇಲೆ ಪ್ರೀತಿ, ಎರಡೇ ದಿನಕ್ಕೆ ಎದ್ದು ಓಡಾಡಿದ್ದಳಲ್ಲ ಎಂದು. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಇಬ್ಬರದೂ ಇದೇ ವಾದ. ಪಕ್ಕದವರು ಇದು ಯಾವ ಊರಿನ ಕುಸ್ತಿ ಎಂದು ಕೇಳಿದ್ದೂ ಉಂಟು.

ನೀಲವ್ವ ಮಾತ್ರ ಹಳದಿಯವಳನ್ನೇ ನೋಡುತ್ತಿದ್ದಳು. ಅವಳಿಗೂ ಗುಲಾಬಿ, ಹಸಿರಿನವರಿಗೂ ಒಳಗೆ ಗರ್ಭಕೋಶ ಉಳಿದಿತ್ತು. ಆದರೆ ಮೂರೂ ಗಂಟುಗಳಿಲ್ಲದ ಗರ್ಭಕೋಶ ಹಳದಿಯವಳದೊಂದೇ.

ಹತ್ತನೇ ದಿನ ಚಾರುಲತಾ ಫಲಿತಾಂಶ ಹೇಳಿದಳು. ಕೆಂಪಿನವಳು ಗೆದ್ದಿದ್ದಳು, ಅದೂ ಬಹಳ ಮುಂದೆ. ರಕ್ತ ಪೂರ್ತಿ ನಿಂತಿತ್ತು, ಗಂಟು ಮರಳುವ ಮಾತೇ ಇಲ್ಲ. ಆರು ವಾರ ಮಲಗಿದ್ದು ಬಿಟ್ಟರೆ ಬೇರೆ ತಾಪತ್ರಯವಿಲ್ಲ. ಹಳದಿಯವಳಿಗೆ ಏಳನೇ ವರ್ಷ ಒಂದು ಸಣ್ಣ ಗಂಟು ಮತ್ತೆ ಹುಟ್ಟಿತ್ತು. ಹಸಿರಿನವಳು ಪರವಾಗಿಲ್ಲ. ಗುಲಾಬಿಯವಳ ಹಿಂಬದಿಯ ಗಂಟು ಬೆನ್ನುಮೂಳೆಗೆ ತೀರಾ ಹತ್ತಿರ, ಅಲೆ ಅಲ್ಲಿಗೆ ಮುಟ್ಟದೆ ಮೂರನೇ ವರ್ಷ ರಕ್ತ ಮತ್ತೆ ಶುರುವಾಗಿತ್ತು.

“ನೀವು ಕೊಟ್ಟ ಉತ್ತರದ ಪ್ರಕಾರ ಗರ್ಭಕೋಶ ತೆಗೆಯೋದೇ ಒಳ್ಳೇದು ಅನ್ನುತ್ತೆ. ಬರೋ ಸೋಮವಾರ ಆಸ್ಪತ್ರೇಲಿ ತಾರೀಕು ಕೊಡ್ತಾರೆ. ಸರೀನಾ?”

“ಹೂಂ ರಿ” ಎಂದಳು ನೀಲವ್ವ. ಹುಸೇನಬಿ ಗೆದ್ದ ಖುಷಿಯಲ್ಲಿ ಅವಳ ಬೆನ್ನು ತಟ್ಟಿದಳು. ನೀಲವ್ವನಿಗೆ ದುಃಖ ಉಮ್ಮಳಿಸಿ ಬಂತು. ಕಣ್ಣಿಗೆ ಧೂಳು ಬಿತ್ತೆಂದು ಸೆರಗಿನಿಂದ ಒರೆಸಿಕೊಂಡಳು. ಆ ಹವಾನಿಯಂತ್ರಿತ ಕೋಣೆಯಲ್ಲಿ ಧೂಳು ಎಲ್ಲಿಂದ ಬರಬೇಕು!

ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಖಾನಾವಳಿಯ ಮುಂದೆ ಚಾರುಲತಾಳ ಸ್ಕೂಟರು ಬಂದು ನಿಂತಿತು. ಅಡಿವೆಪ್ಪ ಬದನೆಕಾಯಿ ಸೀಳುತ್ತಿದ್ದವನು ಚಾಕು ಹಿಡಿದೇ ಎದ್ದು ಬಂದ.

“ನಮಸ್ಕಾರ್ರಿ. ಏನರ ಘಾತ ಆತೇನ್ರಿ?”

“ಇಲ್ಲ ಇಲ್ಲ. ನಿಮ್ಮನೇಲಿ ಯಾವುದೋ ಮಷೀನಿದೆ, ಅದನ್ನ ನೋಡೋಕೆ ಬಂದೆ.” ಅವಳು ಕೈಯಲ್ಲಿದ್ದ ಹಲಗೆಯಂಥ ಟ್ಯಾಬ್ ತೋರಿಸಿದಳು. “ನೀಲಗಂಗಾ ಅವರ ಪಟ್ಟಿಯ ದಾಖಲೆಯಲ್ಲಿ ದಿನಾ ಬೆಳಗ್ಗೆ ಆರರಿಂದ ಹತ್ತರವರೆಗೆ ಒಂದು ಗದ್ದಲ ಇದೆ. ಒಂದೇ ಸಮನೆ ಬಡೀತಾ ಇರುತ್ತೆ. ಹತ್ತಿರದಲ್ಲಿ ಹಿಟ್ಟಿನ ಗಿರಣಿಯೋ ಏನೋ ಇರಬೇಕು ಅಂತ ನಮ್ಮ ಯಂತ್ರ ಅದನ್ನ ತೆಗೆದುಹಾಕಿತ್ತು. ಆಪರೇಷನ್‌ಗೆ ಮುಂಚೆ ಖಾತ್ರಿ ಮಾಡ್ಕೊಳ್ಳೋಣ ಅಂತ.”

“ಮಷೀನಾ? ನಮ್ಮಲ್ಲೆ ಒಂದು ಮಿಕ್ಸರ್ ಐತ್ರಿ. ಅದೂ ಕೆಟ್ಟು ತಿಂಗಳಾತು.”

ಇಬ್ಬರೂ ಮನೆಯೆಲ್ಲ ಹುಡುಕಿದರು. ಫ್ರಿಜ್ಜಿನ ಹಿಂದೆ ಇಣುಕಿದರು, ನೀರೆತ್ತುವ ಮೋಟಾರು ಮುಟ್ಟಿ ನೋಡಿದರು, ಪಕ್ಕದ ಮನೆಯವರನ್ನು ಕೂಗಿ ಕೇಳಿದರು. ಗಿರಣಿ ಇದ್ದದ್ದು ನಾಲ್ಕು ಓಣಿ ಆಚೆ. ಹುಡುಕುತ್ತಾ ಹುಡುಕುತ್ತಾ ಹಿತ್ತಲಿಗೆ ಬಂದಾಗ ನೀಲವ್ವ ರೊಟ್ಟಿ ಬಡಿಯುವ ಹಲಗೆಯ ಮುಂದೆ ಕೂತು, ಸೊಂಟದಲ್ಲಿನ ಪಟ್ಟಿಯನ್ನು ಇನ್ನೂ ಬಿಚ್ಚದೆ, ಕುದಿ ನೀರಿನಲ್ಲಿ ನಾದಿದ ಹಿಟ್ಟಿನ ಉಂಡೆಗೆ ಕೈ ಹಾಕಿದ್ದಳು. ಪಟಪಟ, ಪಟಪಟ, ಹಲಗೆಯ ಮೇಲೆ ತಿರುಗಿದಂತೆ ರೊಟ್ಟಿ ಅಗಲವಾಗುತ್ತಾ ಹೋಯಿತು. ಹುಸೇನಬಿ ಅದನ್ನೆತ್ತಿ ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿದಳು. ಅಷ್ಟರಲ್ಲಿ ಇನ್ನೊಂದು ಉಂಡೆ.

ಚಾರುಲತಾಳ ಕೈಯಲ್ಲಿದ್ದ ಟ್ಯಾಬಿನಲ್ಲಿ ಗೆರೆ ಎದ್ದೆದ್ದು ಕುಣಿಯಿತು. ಅವಳು ನೀಲವ್ವನನ್ನು ನೋಡಿದಳು, ಟ್ಯಾಬನ್ನು ನೋಡಿದಳು, ಮತ್ತೆ ನೀಲವ್ವನ ತೋಳನ್ನು ನೋಡಿದಳು.

“ಇದೇ! ಇದೇ ಮಷೀನು!”

“ಯಾವುದ್ರಿ?” ನೀಲವ್ವ ಹಿಂದೆ ತಿರುಗಿ ನೋಡಿದಳು.

“ನೀವೇ ಕಣ್ರೀ! ದಿನಕ್ಕೆ ಎಷ್ಟು ಮಾಡ್ತೀರಿ ಇದನ್ನ?”

“ಮುನ್ನೂರು ಆಕ್ಕಾವ್ರಿ. ಐತವಾರ ಸ್ವಲ್ಪ ಹೆಚ್ಚು.”

“ಕೆಲಸ ಏನೂ ಇಲ್ಲ ಅಂದ್ರಲ್ಲ!”

“ಇದs ಕೆಲಸೇನ್ರಿ?” ನೀಲವ್ವ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದಳು. “ಇದು ರೊಟ್ಟಿ.”

ಚಾರುಲತಾ ಅಲ್ಲೇ ಇದ್ದ ಮಣೆಯ ಮೇಲೆ ಕುಸಿದು ಕೂತಳು. ಹನ್ನೊಂದು ವರ್ಷದ ವಿದ್ಯೆ, ಒಂದು ಬೀರುವಿನಷ್ಟು ಯಂತ್ರ, ಎಲ್ಲ ಸೇರಿ ಒಬ್ಬ ಹೆಂಗಸಿನ ನಾಲ್ಕು ತಾಸಿನ ದುಡಿಮೆಯನ್ನು ಗದ್ದಲವೆಂದು ಗುಡಿಸಿ ಹಾಕಿತ್ತು. ಯಂತ್ರದೊಳಗಿನ ನಾಲ್ವರೂ ಹತ್ತು ವರ್ಷ ಕೈಕಟ್ಟಿ ಕೂತಿದ್ದರು. ಮೊದಲು ಅವಳಿಗೆ ನಾಚಿಕೆಯಾಯಿತು, ಆಮೇಲೆ ನಗು ಬಂತು. ನಗು ನೋಡಿ ಹುಸೇನಬಿಯೂ ನಕ್ಕಳು. ಅಡಿವೆಪ್ಪ ಏನೆಂದು ತಿಳಿಯದೆಯೇ ನಕ್ಕ. ಗುರುಸಿದ್ದವ್ವ ಒಂದು ತಾಟಿನಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಕೆನೆ ಮೊಸರು ಹಾಕಿ ತಂದು ಡಾಕ್ಟರ ಮುಂದಿಟ್ಟಳು.

“ಮೊದ್ಲ ಉಣ್ರಿ. ಲೆಕ್ಕ ಆಮ್ಯಾಲ ಮಾಡೂಣು.”

ಉಣ್ಣುತ್ತಲೇ ಚಾರುಲತಾ ಹಳೆಯ ದಾಖಲೆಗಳನ್ನು ಬೆರಳಿನಿಂದ ಸರಿಸಿದಳು. “ಇನ್ನೊಂದು ಸಣ್ಣ ವಿಷಯ. ಈ ದೊಡ್ಡ ಗದ್ದಲ ಮುಗಿದ ಮೇಲೆ, ದಿನಾ, ಕೊನೇಲಿ ಒಂದು ಪುಟ್ಟ ಗದ್ದಲ ಬರುತ್ತೆ. ತುಂಬಾ ಮೆತ್ತಗೆ, ಅರ್ಧ ನಿಮಿಷವೂ ಇಲ್ಲ. ಅರವತ್ತು ದಿನದಲ್ಲಿ ಒಂದು ದಿನವೂ ತಪ್ಪಿಲ್ಲ. ಅದೇನು?”

ನೀಲವ್ವನ ಕೈ ಹಿಟ್ಟಿನಲ್ಲೇ ನಿಂತಿತು. “ಏನಿಲ್ರಿ ಅದು. ಸುಮ್ನ.”

“ಸುಮ್ನ ಅಲ್ರಿ” ಎಂದಳು ಗುರುಸಿದ್ದವ್ವ.

ಎಲ್ಲರೂ ಅವಳತ್ತ ತಿರುಗಿದರು. ಮುದುಕಿ ಸೆರಗನ್ನು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಒಲೆಯ ಕಡೆಗೆ ನೋಡುತ್ತಾ ಹೇಳಿದಳು.

“ನಮ್ಮ ಕಡೆ ರೊಟ್ಟಿ ಮುಗೀತಂದ್ರ ಹಿಟ್ಟು ನಾದೂ ಕೊಣಗ್ಯಾಗ ಉಳಿದ ಕಡೀ ಹಿಟ್ಟಿಲೆ ಅಂಗೈ ಅಗಲ ಒಂದು ಮರಿ ರೊಟ್ಟಿ ಬಡೀತಾರ್ರಿ. ಮನ್ಯಾಗಿನ ಕೂಸಿಗೆ. ಕೂಸಿದ್ದ ಮನ್ಯಾಗ ಬಡೀತಾರ. ನಮ್ಮನ್ಯಾಗ ಕೂಸಿಲ್ಲ. ಆದ್ರೂ ಎಂಟ ವರ್ಷಾತು, ಈಕಿ ಒಂದ ದಿನಾನೂ ಬಿಟ್ಟಿಲ್ಲ. ಬಡದು, ಬೇಯಿಸಿ, ಅತ್ತಾಗ ಇತ್ತಾಗ ನೋಡಿ, ಊಟಕ್ಕ ಬಂದವರ ಮಕ್ಕಳ್ಯಾರರ ಇದ್ರ ಕೊಡ್ತಾಳ. ಯಾರೂ ಇಲ್ಲಂದ್ರ ಮಾಳಿಗಿ ಮ್ಯಾಲ ಗುಬ್ಬಿಗೆ ಮುರದ ಹಾಕ್ತಾಳ. ನಾ ನೋಡಿಲ್ಲಂತ ತಿಳಕೊಂಡಾಳ.”

ನೀಲವ್ವ ತಲೆ ತಗ್ಗಿಸಿದಳು.

“ಮತ್ತs ಅವತ್ತು ನೀವು ಕೇಳಿದಾಗ ಮುಗೀತ್ರಿ ಅಂದ್ಲು. ಆಕಿಗೆ ಬ್ಯಾಡಾಗೈತಿ, ನಾ ಯಾಕ ಕೆದಕಲಿ ಅಂತ ನಾನೂ ಸುಮ್ನಾದೆ. ನಂದೂ ತಪ್ಪೈತಿ.” ಗುರುಸಿದ್ದವ್ವ ಒಲೆಯ ಕೊಳ್ಳಿಯೊಂದನ್ನು ಒಳಗೆ ತಳ್ಳಿದಳು. “ನನಗ ಇಪ್ಪತ್ತೊಂಬತ್ತು ಇದ್ದಾಗ ಒಂದು ಕ್ಯಾಂಪಿನ್ಯಾಗ ಚೀಲ ತಗದ್ರಿ. ಈ ಅಡಿವೆಪ್ಪ ಒಬ್ಬನs ಹುಟ್ಟಿದ್ದ. ರಕ್ತ ನಿಂತ್ರ ಸಾಕಾಗಿತ್ತು, ಹೂಂ ಅಂದೆ. ನಿನಗೇನು ಬೇಕವ್ವಾ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ರ ಒಂದು ಹೆಣ್ಣು ಬೇಕಾಗಿತ್ತು ಅಂತಿದ್ನಿ. ಈಕಿಗೆ ಕೇಳ್ರಿ ನೀವು. ಇನ್ನೊಮ್ಮೆ ಕೇಳ್ರಿ. ನಾ ಬೇಕಾದ್ರ ಎದ್ದು ಹೊರಗ ಹೋಗ್ತೀನಿ.”

“ನೀವು ಹೋಗಬ್ಯಾಡ್ರಿ ಅತ್ತೀ” ಎಂದಳು ನೀಲವ್ವ. ಹಿಟ್ಟು ಮೆತ್ತಿದ ಕೈಯಿಂದಲೇ ಅತ್ತೆಯ ಸೆರಗು ಹಿಡಿದುಕೊಂಡಳು. ಅಳುವೋ ನಗುವೋ ತಿಳಿಯದಂತೆ ಎರಡೂ ಒಟ್ಟಿಗೆ ಬಂದಿದ್ದವು. “ಬೇಕ್ರಿ ನನಗ. ಭಾಳ ಬೇಕ್ರಿ.”

ಅಡಿವೆಪ್ಪ ಚಾಕು ಕೆಳಗಿಟ್ಟ. ಹೆಂಡತಿಗೆ ಒಂದು ತಂಬಿಗೆ ನೀರು ತಂದುಕೊಟ್ಟ. ಗುಬ್ಬಿಗೆ ಮುರಿದು ಹಾಕಿದ ರೊಟ್ಟಿಯನ್ನು ಅವನೂ ಎಷ್ಟೋ ಸಲ ನೋಡಿದ್ದನಂತೆ. ಅದನ್ನು ಅವನು ಹೇಳಿದ್ದು ಮರುದಿನ.

ಸೋಮವಾರ ಆಸ್ಪತ್ರೆಗೆ ಹೋಗುವ ಬದಲು ಎಲ್ಲರೂ ನವನಗರಕ್ಕೆ ಹೋದರು. ಚಾರುಲತಾ ಕಸದ ಬುಟ್ಟಿಗೆ ಹಾಕಿದ್ದ ಗದ್ದಲವನ್ನೆಲ್ಲ ಹೆಕ್ಕಿ ತಂದು ದಾಖಲೆಗೆ ಸೇರಿಸಿದಳು. ಅರ್ಜಿಯ ಎರಡು ಉತ್ತರಗಳನ್ನು ತಿದ್ದಿದಳು. ಜೋಡಿ ಮತ್ತೆ ಓಡಿತು.

ಈ ಸಲದ ನಾಲ್ವರು ಬೇರೆಯೇ ಹೆಂಗಸರು. ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ಕೈ ಇವರವು. ಹಸಿರಿನವಳು ಎರಡೇ ವಾರಕ್ಕೆ ಹಲಗೆಯ ಮುಂದೆ ಬಂದು ಕೂತಳು. ಗಂಟುಗಳು ಕುಗ್ಗಿದವು, ರಕ್ತ ಹತೋಟಿಗೆ ಬಂತು. ಆದರೆ ಬಸಿರಿನ ಪ್ರಶ್ನೆಗೆ ಬಂದಾಗ ಅವಳ ಗೆರೆ ಹರಡಿ ಒಂದು ಅಗಲವಾದ ಮಬ್ಬು ಪಟ್ಟಿಯಾಯಿತು. “ಅಂದ್ರೆ ಯಂತ್ರಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾನೇ ತೋರಿಸುತ್ತೆ” ಎಂದಳು ಚಾರುಲತಾ. ಗುಲಾಬಿಯವಳ ಹಿಂಬದಿಯ ಗಂಟು ಈ ಸಲವೂ ಹಟ ಬಿಡಲಿಲ್ಲ. ಕೆಂಪಿನವಳು ಗಟ್ಟಿಮುಟ್ಟಾಗಿದ್ದಳು. ಅವಳ ಗೆರೆಯ ಪಕ್ಕ ಬಸಿರಿನ ಅಂಕಿ ತೋರಿಸುವ ಕೋಣೆ ಖಾಲಿ ಇತ್ತು. ಹುಸೇನಬಿ ಆ ಖಾಲಿ ಕೋಣೆಯನ್ನು ನೋಡಿ, ಆ ದಿನದಿಂದ ಕೆಂಪಿನ ಪಕ್ಷ ಬಿಟ್ಟು ಹಳದಿಗೆ ಬಂದಳು. “ನನಗ ಕೆಂಪು ಸರಿ ಇತ್ತು. ಈಕಿಗೆ ಹಳದೀನs ಬರೋಬ್ಬರಿ” ಎಂದು ಬಸ್ಸಿನಲ್ಲಿ ಸಾರಿದಳು.

ಆದರೆ ಹಳದಿಯವಳೇ ಎಲ್ಲರಿಗೂ ಕೈಕೊಟ್ಟಳು. ಗಂಟು ತೆಗೆಸಿಕೊಂಡು ಬಂದವಳು ಆರು ವಾರ ಮಲಗಬೇಕಿತ್ತು. ಹನ್ನೆರಡನೇ ದಿನಕ್ಕೆ ಎದ್ದು ಹಿಟ್ಟಿನ ಚೀಲ ಎತ್ತಿದಳು. ಹೊಲಿಗೆ ಬಿಚ್ಚಿತು, ಜ್ವರ ಬಂತು, ಒಳಗಿನ ಗಾಯ ಸರಿಯಾಗಿ ಮಾಯಲಿಲ್ಲ. ಮುಂದೆ ಬಸಿರು ನಿಲ್ಲುವ ಗೆರೆ ಕೆಳಗಿಳಿಯಿತು.

“ಹನ್ನೆರಡನೇ ದಿನಕ್ಕ ಯಾಕ ಎದ್ಲು ಈಕಿ?” ಗುರುಸಿದ್ದವ್ವನಿಗೆ ಪರದೆಯ ಮೇಲೆಯೇ ಸಿಟ್ಟು.

“ನಿಮ್ಮ ಸೊಸೆ ಹೇಗೋ ಹಾಗೇ ಇವಳು. ಪಟ್ಟಿ ಕಟ್ಟಿದ್ದ ಎರಡು ತಿಂಗಳಲ್ಲಿ ಜ್ವರ ಬಂದ ದಿನವೂ ನೀಲಗಂಗಾ ರೊಟ್ಟಿ ಬಿಟ್ಟಿಲ್ಲ. ಆರು ವಾರ ಕೂತ್ರೆ ನಾಲ್ವರಲ್ಲಿ ಇವಳಿಗೇ ಮಗು ಆಗೋ ಸಾಧ್ಯತೆ ಹೆಚ್ಚು, ಹೆಚ್ಚುಕಮ್ಮಿ ಅರ್ಧಕ್ಕರ್ಧ. ಆದ್ರೆ ಇವಳು ಕೂರಲ್ಲ ಅಂತ ಯಂತ್ರ ಹೇಳ್ತಿದೆ. ಇವಳು ಮಲಗಿದ್ರೆ ಇನ್ಯಾರು ಬಡೀತಾರೆ ಅನ್ನೋದಕ್ಕೆ ಯಂತ್ರದಲ್ಲಿ ಉತ್ತರ ಇಲ್ಲ.”

ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಅಡಿವೆಪ್ಪ ಶಾಲೆಯಲ್ಲಿ ಕೈ ಎತ್ತಿದಂತೆ ಕೈ ಎತ್ತಿದ.

“ನಾ ಬಡೀತೀನ್ರಿ.”

ಅವನ ಅವ್ವ ಹೌಹಾರಿದಳು. ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹುಸೇನಬಿಯಂತೂ ಬಿದ್ದು ಬಿದ್ದು ನಕ್ಕಳು. ಚಾರುಲತಾ ಮಾತ್ರ ಗಂಭೀರವಾಗಿ, ಬಾಯಿ ಮಾತು ಯಂತ್ರಕ್ಕೆ ಸಾಲದು, ದಾಖಲೆ ಬೇಕು ಎಂದಳು. ಹಾಗಾಗಿ ಹದಿನೈದು ದಿನ ಪಟ್ಟಿ ಅಡಿವೆಪ್ಪನ ಸೊಂಟಕ್ಕೆ ಏರಿತು. ಹಲಗೆಯ ಮುಂದೆ ಅವನು, ಪಕ್ಕದಲ್ಲಿ ಗುರುವಾಗಿ ನೀಲವ್ವ.

“ರೀ, ಅದು ರೊಟ್ಟಿ. ಜಗಳಾಡಬ್ಯಾಡ್ರಿ ಅದರ ಜೋಡಿ.”

“ಹರೀತು.”

“ಹರೀತಂದ್ರ ಉಂಡಿ ಕಟ್ಟಿ ಮತ್ತ ಬಡೀರಿ. ನಿಮ್ಮ ಅಂಗೈ ಒತ್ತಬಾರದು, ಜಾರಬೇಕು.”

ಮೊದಲ ದಿನ ಹದಿನಾಲ್ಕು ರೊಟ್ಟಿ ಆದವು. ಹನ್ನೆರಡು ಒಡೆದವು, ಒಂದು ಕರಕಾಯಿತು, ಉಳಿದೊಂದನ್ನು ಗುರುಸಿದ್ದವ್ವ ತಿಂದು, ಉಪ್ಪು ಕಡಿಮೆ ಎಂದಳು. ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ. ಊಟಕ್ಕೆ ಬರುವವರು ತಾಟು ನೋಡಿ, ಇದು ಯಾವ ಜಿಲ್ಲೆಯ ನಕಾಶೆ ಎಂದು ಕೇಳತೊಡಗಿದರು. ಒಬ್ಬ ಹಳೆಯ ಗಿರಾಕಿ ತನ್ನ ರೊಟ್ಟಿ ಬೀದರಿನಂತಿದೆ, ನನಗೆ ಬಾಗಲಕೋಟೆ ಬೇಕು ಎಂದು ವಾಪಸು ಕಳಿಸಿದ. ಅಡಿವೆಪ್ಪ ಯಾವುದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಹದಿನೈದನೇ ದಿನ ಅವನದೂ ಹುಸೇನಬಿಯದೂ ಸೇರಿ ಇನ್ನೂರು ಮುಟ್ಟಿತು.

ಆ ದಾಖಲೆಯನ್ನು ಕೊಟ್ಟಾಗ ಜೋಡಿ ಮೊದಲು ಅದನ್ನು ಗದ್ದಲವೆಂದೇ ಓದಿತು. “ಈ ಸಲ ಯಂತ್ರದ ಮಾತು ಖರೇನs ಐತ್ರಿ” ಎಂದಳು ನೀಲವ್ವ. ಚಾರುಲತಾ ಕೈಯಾರೆ ತಿದ್ದಿ ಒಳಗೆ ಸೇರಿಸಿದಳು. ಹಳದಿ ನೀಲವ್ವ ಹನ್ನೆರಡನೇ ದಿನ ಏಳಲಿಲ್ಲ. ಇಪ್ಪತ್ತನೇ ದಿನವೂ ಏಳಲಿಲ್ಲ. ನಲವತ್ತೆರಡನೇ ದಿನ ಅವಳ ಗೆರೆ ನೆಟ್ಟಗೆ, ಸಮಾಧಾನವಾಗಿ ನಿಂತಿತ್ತು.

“ಸಾಕ್ರಿ. ಇಲ್ಲಿಗೆ ನಿಲ್ಲಸ್ರಿ” ಎಂದಳು ನೀಲವ್ವ.

“ಮುಂದೆ ನೋಡಲ್ವಾ? ಇನ್ನು ಒಂದು ದಿನ ಓಡಿಸಿದ್ರೆ ಅವಳಿಗೆ ಬಸಿರು...”

“ಬ್ಯಾಡ್ರಿ. ಯಾವ ದಾರಿ ಅಂತ ಗೊತ್ತಾತಲ್ಲ, ಅಷ್ಟ ಸಾಕು. ಮುಂದಿಂದೂ ಆಕೀನs ಮೊದ್ಲ ನೋಡಿಬಿಟ್ರ ನನಗೇನ ಉಳೀತು? ಆಗಲಿ, ಆಗದಿರಲಿ, ನಾ ನಡದು ನೋಡ್ತೀನಿ.”

ಚಾರುಲತಾಗೆ ಯಂತ್ರವನ್ನು ಅರ್ಧಕ್ಕೆ ನಿಲ್ಲಿಸುವುದೆಂದರೆ ಉಣ್ಣುವವಳ ಮುಂದಿನ ತಾಟು ಎಳೆದಂತೆ. ಆದರೂ ಗುಂಡಿ ಒತ್ತಿದಳು. ಹಳದಿಯವಳು ನಲವತ್ತೆರಡನೇ ದಿನದಲ್ಲಿ ನಿಂತುಕೊಂಡಳು.

ಮುಂದಿನ ತಿಂಗಳು ಅಸಲಿ ನೀಲವ್ವನ ಆಪರೇಷನ್ ಆಯಿತು. ಮೂರು ಗಂಟುಗಳಲ್ಲಿ ದೊಡ್ಡದು ಮೋಸಂಬಿಯಷ್ಟಿತ್ತು. ಮಗುವಾದರೆ ಆಪರೇಷನ್ ಮಾಡಿಯೇ ತೆಗೆಯಬೇಕಾದೀತು, ಗಂಟು ಇನ್ನೊಮ್ಮೆ ಹುಟ್ಟಲೂಬಹುದು ಎಂದು ಆಸ್ಪತ್ರೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಇವೆಲ್ಲ ಅವಳಿಗೆ ಮೊದಲೇ ಗೊತ್ತಿದ್ದವು.

ಆರು ವಾರ ಅವಳು ನಡುಮನೆಯ ಮಂಚದ ಮೇಲೆ ಮಲಗಿದಳು. ಹುಟ್ಟಿದಾಗಿನಿಂದ ಬೇರೆಯವರು ರೊಟ್ಟಿ ಬಡಿಯುವುದನ್ನು ಮಲಗಿಕೊಂಡು ಕೇಳಿದ್ದು ಇದೇ ಮೊದಲು. ಹಿತ್ತಲಿನಿಂದ ಬರುವ ಸದ್ದಿನಲ್ಲೇ ಅವಳಿಗೆ ಕೈ ಗುರುತು ಸಿಗುತ್ತಿತ್ತು. ಅವಸರದ್ದು ಹುಸೇನಬಿ. ನಡುನಡುವೆ ನಿಂತು ಯೋಚಿಸುವಂಥದ್ದು ಗಂಡ. ಒಂದು ದಿನ, ಎಲ್ಲ ಮುಗಿದ ಮೇಲೆ, ಬಹಳ ಮೆತ್ತಗೆ, ತಡವರಿಸುತ್ತಾ ಇನ್ನೊಂದು ಸದ್ದು ಬಂತು. ಎದ್ದು ಹೋಗುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗುರುಸಿದ್ದವ್ವ ಒಳಗೆ ಬಂದು, ಅಂಗೈ ಅಗಲದ ಬಿಸಿ ರೊಟ್ಟಿಯೊಂದನ್ನು ತುಪ್ಪ ಸವರಿ ಸೊಸೆಯ ಕೈಗಿಟ್ಟಳು.

“ಈಗ ಮನ್ಯಾಗಿನ ಕೂಸು ನೀನs” ಎಂದಳು.

ಆರು ವಾರವೂ ಅದು ತಪ್ಪಲಿಲ್ಲ. ನೀಲವ್ವ ಗುಬ್ಬಿಗಳಿಗೆ ಒಂದು ಚೂರು ತೆಗೆದಿಟ್ಟು ಉಳಿದದ್ದನ್ನು ತಿನ್ನುತ್ತಿದ್ದಳು.

ಒಂದೂವರೆ ವರ್ಷ ಕಳೆಯಿತು. ಅಷ್ಟರಲ್ಲಿ ಜೋಡಿಯ ಅರ್ಜಿ ಬದಲಾಗಿತ್ತು. ಕೆಲಸ ಏನು ಎಂಬ ಪ್ರಶ್ನೆ ಹೋಗಿ, ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಕೈಯಿಂದ ಏನೇನು ಮಾಡುತ್ತೀರಿ ಎಂಬ ಪ್ರಶ್ನೆ ಬಂದಿತ್ತು. ಮಗುವಿನ ಪ್ರಶ್ನೆಯನ್ನು ಎರಡು ಸಲ ಕೇಳುತ್ತಿದ್ದರು, ಎರಡನೇ ಸಲ ಒಬ್ಬಳನ್ನೇ ಕೂರಿಸಿ. ಗದ್ದಲವನ್ನು ಯಾರೂ ಕೇಳದೆ ತೆಗೆದುಹಾಕುವಂತಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಚಾರುಲತಾಳ ಫೋನು ಬಡಿದುಕೊಂಡಿತು.

“ಅಕ್ಕಾರ, ನಾ ನೀಲವ್ವ. ನಾಲ್ಕ ತಿಂಗಳಾತ್ರಿ. ಮೂರು ದಾಟ್ಲಿ ಅಂತ ಹೇಳದs ಇಟಕೊಂಡಿದ್ನಿ.” ಹಿಂದೆ ಹುಸೇನಬಿಯ ಕೇಕೆ, ತಾಟು ಬಡಿಯುವ ಸದ್ದು ಎಲ್ಲ ಕೇಳಿಸುತ್ತಿತ್ತು. “ನಿಮ್ಮಲ್ಲೆ ಆಕಿ ಇನ್ನೂ ನಿಂತಾಳೇನ್ರಿ? ಹಳದಿಯಾಕಿ?”

“ಇದ್ದಾಳೆ. ಅಳಿಸೋಕೆ ಮನಸ್ಸಾಗಿಲ್ಲ ನಂಗೆ.”

“ಆಕಿಗೂ ಒಂದು ಮಾತು ಹೇಳ್ರಿ. ಎಲ್ಲಾ ಛಲೋ ಆತಂತ.”

ಅವಳಿಗೆ ಮನಸ್ಸಿಲ್ಲ, ಬರೀ ಲೆಕ್ಕ ಎಂದು ಚಾರುಲತಾ ಹೇಳಲಿಲ್ಲ. ಹೇಳ್ತೀನಿ ಎಂದಳು.

ಆ ಶನಿವಾರ ನೀಲವ್ವ ಅತ್ತೆಯ ಜೊತೆ ಬಸುರಿ ಹೆಂಗಸರ ತಪಾಸಣೆಗೆ ಹೋದಳು. ಕಿಟಕಿಯ ಆಚೆ ಕೂತಿದ್ದ ನರ್ಸು ಹೊಸ ಕಾರ್ಡು ತೆಗೆದು, ತಲೆ ಎತ್ತದೆಯೇ ಬರೆಯತೊಡಗಿದಳು. ಹೆಸರು, ವಯಸ್ಸು, ಗಂಡನ ಹೆಸರು.

“ಕೆಲಸ? ಮನ್ಯಾಗs ಏನ್ರಿ?”

“ಅಲ್ರಿ” ಎಂದಳು ನೀಲವ್ವ. ಹಿಂದಿನ ಸಾಲಿನವರಿಗೂ ಕೇಳುವಷ್ಟು ದನಿ ಬಂದಿತ್ತು. “ರೊಟ್ಟಿ ಬಡೀತೀನಿ. ನಾ ಮತ್ತ ನಮ್ಮವರು ಕೂಡಿ ದಿನಾ ಮುನ್ನೂರು.”

ನರ್ಸು ಬರೆದುಕೊಳ್ಳುತ್ತಿದ್ದಂತೆ ಗುರುಸಿದ್ದವ್ವ ಕಿಟಕಿಯೊಳಗೆ ತಲೆ ಹಾಕಿದಳು.

“ಸರಿ ಬರ್ಕೋರಿ. ಮುನ್ನೂರಾ ಒಂದು.”